ಬೆಂಕಿಪೆಟ್ಟಿಗೆಯ ತಾಳದ ಹಾಡು

ಹೋದ ವಾರ ಮಗಳ ಮನೆಗೆಂದು ಸಾನಪಾಡಾಕ್ಕೆ ಹೋಗಿದ್ದೆ. ಬೆಳಗ್ಗೆ ಏಳೂವರೆ, ಹೊರಗೆ ಧೋ ಎಂದು ಮಳೆ. ಅವಳ ಕಟ್ಟಡದ ಕೆಳಗಿನ ಕ್ಲಬ್‌ಹೌಸಿನ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ಒದ್ದೆ ಛತ್ರಿ, ರಬ್ಬರ್ ಚಾಪೆ, ಬೆವರು ಎಲ್ಲ ಸೇರಿದ ಒಂದು ವಾಸನೆ ಬಂತು. ಮೂಗು ಮುಚ್ಚಿಕೊಳ್ಳುವಂಥದ್ದೇ, ಸುಳ್ಳು ಯಾಕೆ ಹೇಳಲಿ. ನನಗೆ ಮಾತ್ರ ಆ ವಾಸನೆ ಬಡಿದರೆ ಮನಸ್ಸು ಹಗುರವಾಗುತ್ತದೆ. ಇಣುಕಿ ನೋಡಿದೆ. ಕಸರತ್ತು ಮುಗಿಸಿದ ಇಪ್ಪತ್ತು ಹೆಂಗಸರು ಚಾಪೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಗೋಡೆಯ ಸ್ಪೀಕರಿನಲ್ಲಿ ಬರುತ್ತಿದ್ದದ್ದು ಠಾಕುರ್ಲಿಯ ನಮ್ಮ ಭಜನಾ ಮಂಡಳಿಯ ಗಣಪತಿ ಹಾಡು. ನನ್ನ ಒಡಕು ಧ್ವನಿಯೂ ಅದರಲ್ಲಿತ್ತು. ಇಪ್ಪತ್ತು ಜೊತೆ ಶೂ ಬಾಗಿಲ ಹೊರಗೆ ಸಾಲಾಗಿ ಕೂತಿದ್ದವು.

ಆ ಶೂಗಳನ್ನು ಹೊರಗೆ ಬಿಡಿಸಿದವಳು ನಾನೇ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲದಲ್ಲಿ.

ನಮ್ಮ ಮಂಡಳಿ ದೊಡ್ಡದೇನಲ್ಲ. ಠಾಕುರ್ಲಿ ಸ್ಟೇಷನ್ನಿನ ಹತ್ತಿರ ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ಎರಡು ಕೋಣೆ, ಶನಿವಾರ ಸಂಜೆ ಭಜನೆ. ಬರುವವರಲ್ಲಿ ಹೆಚ್ಚಿನವರು ಉಡುಪಿ, ಕಾರ್ಕಳ ಕಡೆಯವರು. ಮನೆಯಲ್ಲಿ ತುಳು, ರೈಲಿನಲ್ಲಿ ಮರಾಠಿ, ಮಂಡಳಿಯಲ್ಲಿ ಕನ್ನಡ. ಢೋಲಕ್ ಬಾರಿಸುವ ಶರಣಪ್ಪ ಮಾತ್ರ ಕಲಬುರಗಿಯವನು, ಟಿಟ್ವಾಳಾದಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ. ಕಲ್ಯಾಣಿನಲ್ಲಿ ಹೋಟೆಲಿರುವ ಬಾಬಣ್ಣ ನಮ್ಮ ಅಧ್ಯಕ್ಷರು. ನಾನು ಮದುವೆಯಾಗಿ ಪಕ್ಕದ ಡೊಂಬಿವಲಿಗೆ ಬಂದಾಗಲೂ ಅವರೇ ಅಧ್ಯಕ್ಷರಾಗಿದ್ದರು, ಈಗಲೂ ಅವರೇ. ಬೇರೆ ಯಾರೂ ನಿಲ್ಲುವುದಿಲ್ಲ, ನಿಂತರೆ ಬಾಬಣ್ಣ ಮಾತು ಬಿಡುತ್ತಾರೆ.

ಬಾಬಣ್ಣನದು ಒಂದೇ ಕಟ್ಟಳೆ. ಸಿನೆಮಾ ಧಾಟಿಯಲ್ಲಿ ದೇವರ ಹಾಡು ಹಾಡಬಾರದು. ಹಿಂದೊಮ್ಮೆ ಪಕ್ಕದ ಓಣಿಯ ಮಂಡಳಿಯವರು ಯಾವುದೋ ಕ್ಲಬ್ ಡ್ಯಾನ್ಸಿನ ಹಾಡಿನ ಧಾಟಿಗೆ ದೇವಿಯ ಭಜನೆ ಕೂರಿಸಿ, ಜನ ನಕ್ಕು, ಆರತಿ ತಟ್ಟೆ ಹಿಡಿದ ಭಟ್ಟರೂ ನಕ್ಕು ದೊಡ್ಡ ಫಜೀತಿಯಾಗಿತ್ತಂತೆ. ಹಾಗಾಗಿ ನಮ್ಮ ಕೈಬರಹದ ಭಜನೆ ಪುಸ್ತಕದಲ್ಲಿ ಪ್ರತಿ ಹಾಡಿನ ತಲೆಯ ಮೇಲೆ ಧಾಟಿ ಎಲ್ಲಿಂದ ಬಂತೆಂದು ಬರೆಯಲೇಬೇಕು. ಅಜ್ಜಿಯ ಜೋಗುಳದ್ದು, ಗದ್ದೆಯಲ್ಲಿ ನೇಜಿ ನೆಡುವವರ ಪದದ್ದು, ದಾಸರ ಪದದ್ದು, ಹೀಗೆ. ಹಳೆಯ ಪುಸ್ತಕ ಮಳೆನೀರು ನುಗ್ಗಿ ಹಾಳಾದಾಗ ಹೊಸದಕ್ಕೆ ಎಲ್ಲವನ್ನೂ ಇಳಿಸಿದವಳು ನಾನು, ಅಂದಿನಿಂದ ಪುಸ್ತಕ ನನ್ನ ಸುಪರ್ದಿಯಲ್ಲೇ ಉಂಟು. ಅದರಲ್ಲಿ ಗಣಪತಿ ಹಾಡಿನ ತಲೆಯ ಮೇಲೆ ಇದ್ದದ್ದು ಎರಡೇ ಪದ: ಧಾಟಿ, ವಾಸಣ್ಣನದು.

ವಾಸಣ್ಣ ಎಂದರೆ ಸರಕು ಹಡಗಿನಲ್ಲಿ ಅಡುಗೆಯವನಾಗಿ ಹತ್ತು ವರ್ಷ ಸಮುದ್ರ ತಿರುಗಿ, ಆಮೇಲೆ ಬಾಬಣ್ಣನ ಹೋಟೆಲಿನ ಅಡುಗೆಮನೆ ಹಿಡಿದವರು. ಎಂಬತ್ತರ ಹತ್ತಿರ ವಯಸ್ಸು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಆದರೆ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಬೆಂಕಿಪೆಟ್ಟಿಗೆ. ಗಣಪತಿ ಹಾಡು ಬಂದಾಗ ಎಲ್ಲರೂ ತಾಳ ಹಿಡಿದರೆ ಇವರು ಬೆಂಕಿಪೆಟ್ಟಿಗೆಯನ್ನು ಬೆರಳಲ್ಲಿ ಕುಟ್ಟುವರು. ಮಳೆಯಲ್ಲಿ ನೆನೆಯುತ್ತ ಬಾಗಿಲಲ್ಲಿ ನಿಂತ ಗಣಪತಿಯನ್ನು ಒಳಗೆ ಬಾ, ಬಿಸಿ ಊಟ ಉಂಟು ಎಂದು ಕರೆಯುವ ಹಾಡು ಅದು, ಸಾಹಿತ್ಯವೂ ಅವರದೇ. ಮೊದಲ ಸಲ ಹಾಡಿದಾಗ ಬಾಬಣ್ಣ, “ಇದು ಯಾವ ಸಿನೆಮಾದ್ದು?” ಎಂದು ಕೇಳಿದರಂತೆ. “ಯಾವ ಸಿನೆಮಾದ್ದೂ ಅಲ್ಲ” ಎಂದರಂತೆ ವಾಸಣ್ಣ. “ಹಾಗಾದ್ರೆ ನಿಂದೇ” ಎಂದು ಬಾಬಣ್ಣ ಬರೆಸಿಯೇಬಿಟ್ಟರಂತೆ. ಮದುವೆಯಾದ ಹೊಸದರಲ್ಲಿ ಈ ಊರಲ್ಲಿ ನನಗೆ ಒಂದು ನರಪಿಳ್ಳೆಯ ಪರಿಚಯವಿರಲಿಲ್ಲ. ಮಂಡಳಿಯ ಮೂಲೆಯಲ್ಲಿ ಮುದುಡಿ ಕೂತಿದ್ದವಳು ಬಾಯಿ ಬಿಟ್ಟು ಹಾಡಿದ ಮೊದಲ ಹಾಡು ಅದೇ. ಆದ್ದರಿಂದ ಅದರ ಮೇಲೆ ನನಗೆ ಒಂದು ಹಕ್ಕಿನ ಭಾವ.

ಆ ಹಾಡಿನಲ್ಲಿ ಒಂದು ವಿಚಿತ್ರವಿದೆ. ಪಲ್ಲವಿಯ ಕೊನೆಗೆ ಚಪ್ಪಾಳೆ ಬೀಳಬೇಕಾದಲ್ಲಿ ಬೀಳುವುದಿಲ್ಲ, ಒಂದು ಚೂರು ತಡೆದು ಬೀಳುತ್ತದೆ. ಶರಣಪ್ಪನಿಗೆ ಅದು ಯಾವಾಗಲೂ ತಲೆಬೇನೆ.

“ಅಕ್ಕಾರ, ಇಲ್ಲಿ ತಾಳ ಜಾರ್ತದ ನೋಡ್ರಿ. ನಮ್ಮ ಕಡಿ ಯಾವ ಹಾಡಿನ್ಯಾಗೂ ಹಿಂಗಿಲ್ಲ. ವಾಸಣ್ಣೋರು ಇದನ್ನ ಎಲ್ಲಿಂದ ಹುಟ್ಟಿಸಿದ್ರೋ ಏನೋ” ಎನ್ನುತ್ತಿದ್ದ. ಬೈದುಕೊಂಡೇ ಆ ಜಾರುವ ಜಾಗಕ್ಕೆಂದು ಒಂದು ಪೆಟ್ಟು ಕಂಡುಹಿಡಿದಿದ್ದ.

ಆ ವರ್ಷದ ಚೌತಿಗೆ ವಾಸಣ್ಣನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ಜೂನಿನಲ್ಲೇ ತೀರ್ಮಾನವಾಯಿತು. ಹಾಡಿಗೆ ಧಾಟಿ ಕಟ್ಟಿದವರು ಎಂದು ಫಲಕಕ್ಕೂ ಬರೆಯಲು ಕೊಟ್ಟರು. ವಾಸಣ್ಣ ಬೇಡ ಬೇಡವೆಂದರು. ಸಂಕೋಚವೆಂದು ನಾವೇ ತಿಳಿದೆವು.

ಅದೇ ಹೊತ್ತಿಗೆ ಮಗಳು ಅಕ್ಷತಾಳ ಹೆರಿಗೆಯಾಯಿತು. ಬಾಣಂತನಕ್ಕೆ ನಾನು ಡೊಂಬಿವಲಿಯಿಂದ ಲೇಹ್ಯದ ಡಬ್ಬ, ಎಣ್ಣೆ ಬಾಟಲಿ ಹೊತ್ತು ಸಾನಪಾಡಾಕ್ಕೆ ಬಂದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವಳು. ಮಂಡಳಿ ಎಂದರೆ ಮೊದಲಿನಿಂದಲೂ ಅವಳಿಗೆ ಆಗದು. ನಲವತ್ತನೇ ದಿನ ಬೆಳಗ್ಗೆ ಮಗುವನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದೆ. ಕಿಟಕಿಯ ಕೆಳಗಿನಿಂದ ಧಡ್ ಧಡ್ ಎಂಬ ಸದ್ದಿನ ನಡುವೆ ವಾಸಣ್ಣನ ಹಾಡು ಕೇಳಿಸಿತು. ಇಂಗ್ಲಿಷಿನಲ್ಲಿ.

ನನಗೆ ನನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಆದರೆ ಧಾಟಿ ಅದೇ, ಏರುವಲ್ಲಿ ಏರಿ ಇಳಿಯುವಲ್ಲಿ ಇಳಿಯುತ್ತಿತ್ತು. ಅದರ ಹಿಂದಿನ ವರ್ಷದ ಚೌತಿಯಲ್ಲಿ ಯಾರ್ಯಾರೋ ಮೊಬೈಲು ಎತ್ತಿ ಹಿಡಿದು ರೆಕಾರ್ಡ್ ಮಾಡಿದ್ದು ನೆನಪಾಯಿತು. ಅದು ಹೇಗೋ ಹೊರದೇಶಕ್ಕೆ ಹೋಗಿ, ಅಲ್ಲಿನವರು ನಮ್ಮ ವಾಸಣ್ಣನ ಧಾಟಿಯನ್ನು ಎತ್ತಿಕೊಂಡುಬಿಟ್ಟಿದ್ದಾರೆ ಎಂದು ನಾನು ಆ ಕ್ಷಣವೇ ತೀರ್ಮಾನಿಸಿಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಆಗ ಮೈಯೆಲ್ಲ ಉರಿದುಹೋಯಿತು. ಮಗುವನ್ನು ಅಕ್ಷತಾಳ ಕೈಗೆ ಕೊಟ್ಟೆ.

“ಮಮ್ಮಿ, ನೀಚೆ ಜಾಕೆ ಝಗಡಾ ಮತ್ ಕರ್ನಾ” ಎಂದಳು ಅವಳು. ನನ್ನ ಮುಖ ನೋಡಿಯೇ ಜಗಳಕ್ಕೆ ಹೊರಟಿದ್ದೇನೆಂದು ಗೊತ್ತಾಗಿತ್ತು.

ಎಣ್ಣೆ ಕೈಯಲ್ಲೇ ಕ್ಲಬ್‌ಹೌಸಿಗೆ ನುಗ್ಗಿದೆ. ಇಪ್ಪತ್ತು ಹೆಂಗಸರು ಶೂ ಹಾಕಿಕೊಂಡು ನಮ್ಮ ಗಣಪತಿ ಹಾಡಿಗೆ ಕುಪ್ಪಳಿಸುತ್ತಿದ್ದರು. ನಾನು ಹೋಗಿ ಸ್ಪೀಕರಿನ ಮುಂದೆ ನಿಂತೆ. “ಇದು ನಮ್ಮ ದೇವರ ಭಜನೆ. ಎಲ್ಲಿಂದ ಕದ್ದಿರಿ? ಮೊದಲು ಶೂ ಬಿಚ್ಚಿ” ಎಂದು ನನಗೆ ಬರುವ ಅರೆಬರೆ ಹಿಂದಿಯಲ್ಲಿ ಕೂಗಾಡಿದೆ. ಕಲಿಸುತ್ತಿದ್ದವಳು ಸಾಯಲಿ ಎಂಬ ಮರಾಠಿ ಹುಡುಗಿ. ಬೇರೆ ಯಾರಾದರೂ ಆಗಿದ್ದರೆ ವಾಚ್‌ಮನ್ನನ್ನು ಕರೆಯುತ್ತಿದ್ದರು. ಅವಳು ಹಾಡು ನಿಲ್ಲಿಸಿ, ಕುರ್ಚಿ ಎಳೆದು, “ಕಾಕೂ, ಆಧಿ ಬಸಾ” ಎಂದು ನನ್ನನ್ನು ಕೂರಿಸಿ ನೀರು ಕೊಟ್ಟಳು. ಎಲ್ಲಿ, ನಿಮ್ಮ ಭಜನೆ ಹಾಡಿ ನೋಡುವ ಎಂದಳು. ಹಾಡಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವಳ ಕಣ್ಣು ಅಗಲವಾಯಿತು.

ಆಮೇಲೆ ಅವಳು ತನ್ನ ಮೊಬೈಲಿನಲ್ಲಿ ಒಂದೊಂದೇ ಹಾಕಿ ಕೇಳಿಸಿದಳು. ಇದು ಬ್ರೆಜಿಲ್ ದೇಶದ ಹಾಡು ಕಾಕೂ, ನಾನು ನೀವು ಹುಟ್ಟುವ ಮೊದಲಿನದು, ಲೋಕವೆಲ್ಲ ಇದನ್ನು ತನ್ನ ಭಾಷೆಯಲ್ಲಿ ಹಾಡಿಕೊಂಡಿದೆ ಎಂದಳು. ಇಟಲಿಯವರದು, ಫ್ರಾನ್ಸಿನವರದು, ಜಪಾನಿನವರದು, ಅರಬರದು. ಇಟಲಿಯವನು ಅದನ್ನು ಬೇಸಿಗೆ ರಜೆಯ ಹಾಡು ಮಾಡಿದ್ದ. ಫ್ರಾನ್ಸಿನವಳಿಗೆ ಅದು ಬಿಟ್ಟುಹೋದ ಗೆಳೆಯನ ಪತ್ರ. ಜಪಾನಿನವರು ಎಂತದೋ ಕಾಫಿ ಅಂಗಡಿಯ ಬಗ್ಗೆ ಹಾಡುತ್ತಿದ್ದರಂತೆ. ಸಾಯಲಿಗೆ ಈ ರೂಪಗಳನ್ನು ಹುಡುಕಿ ಕೂಡಿಡುವ ಹುಚ್ಚು. “ಗಣಪತಿಯದ್ದು ಮಾತ್ರ ನನ್ನ ಹತ್ತಿರ ಇರಲಿಲ್ಲ” ಎಂದು ಅವಳು ನಕ್ಕಳು.

ನನಗೆ ನಗು ಬರಲಿಲ್ಲ. ಕದ್ದವರು ಯಾರೆಂಬ ಲೆಕ್ಕ ತಿರುಗಿಬಿದ್ದಿತ್ತು. ಮೇಲೆ ಬಂದು ಮಗುವನ್ನು ತೊಟ್ಟಿಲಲ್ಲಿ ತೂಗತೊಡಗಿದೆ. ಫಲಕ ಬರೆದಾಗಿದೆ, ಶಾಲು ತಂದಾಗಿದೆ. ಚೌತಿಗೆ ಮೂರು ವಾರ. ನಮ್ಮ ಮಂಡಳಿಯ ಯಾರದೋ ಮಗ ಮೊಬೈಲಿನಲ್ಲಿ ಇದೇ ಹಾಡು ಕೇಳಿ ಸಭೆಯ ನಡುವೆ ಎದ್ದು ನಿಂತರೆ ವಾಸಣ್ಣನ ಗತಿಯೇನು?

ಮರುದಿನ ಅಳಿಯನಿಗೆ ರಜೆ. ಹಾಡುಗಳನ್ನೆಲ್ಲ ನನ್ನ ಮೊಬೈಲಿಗೆ ಹಾಕಿಸಿಕೊಂಡು ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಡೊಂಬಿವಲಿಗೆ ಹೋದೆ. ವಾಸಣ್ಣ ಮಗನ ಮನೆಯ ಬಾಲ್ಕನಿಯಲ್ಲಿ ಮೊರ ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಎಂತ ಸುಮತಿ, ಬಾಣಂತಿಯನ್ನು ಬಿಟ್ಟು ಬಂದದ್ದು?”

ನಾನು ಮೂಲ ಹಾಡನ್ನು ಹಾಕಿ ಅವರ ಕಿವಿಯ ಹತ್ತಿರ ಹಿಡಿದೆ. ಅವರಿಗೆ ಕಿವಿ ಸ್ವಲ್ಪ ಮಂದ. ಬೆಳ್ಳುಳ್ಳಿ ಕೈಯಲ್ಲೇ ಉಳಿಯಿತು.

“ಎಲ್ಲಿ ಸಿಕ್ಕಿತು ನಿಂಗೆ ಇದು? ನಂಗೆ ಇದರ ಹೆಸರೂ ಗೊತ್ತಿರಲಿಲ್ಲ” ಎಂದರು ಕೊನೆಗೆ.

“ವಾಸಣ್ಣ, ಇದು ನಿಮ್ಮದಲ್ಲ ಅಂತ ಹೇಳ್ಬಹುದಿತ್ತಲ್ಲ?” ಎಂದೆ. ಧ್ವನಿ ಸ್ವಲ್ಪ ಖಾರವಾಗಿಯೇ ಇತ್ತು.

“ನಂದು ಅಂತ ನಾನು ಯಾವತ್ತೂ ಹೇಳ್ಲಿಲ್ಲ ಮಾರಾಯ್ತಿ. ಅಲ್ಲ ಅಂತಲೂ ಹೇಳ್ಲಿಲ್ಲ. ಅದೇ ತಪ್ಪು.”

ಮತ್ತೆ ಅವರೇ ಹೇಳಿದರು. “ಬ್ರೆಜಿಲ್‌ಗೆ ಸಕ್ಕರೆ ತರ್ಲಿಕ್ಕೆ ಹೋದದ್ದು ನಾವು. ಅಲ್ಲಿ ಮಳೆ ಹಿಡೀತು. ಮಳೆ ಬಂದ್ರೆ ಸಕ್ಕರೆ ತುಂಬಿಸ್ಲಿಕ್ಕೆ ಆಗ್ತದಾ? ಹಡಗು ಅಲ್ಲೇ ನಿಂತಿತು. ನಾನು ತರಕಾರಿ ನೆವ ಮಾಡಿ ದಿನಾ ಇಳೀತಿದ್ದೆ. ಬಂದರಿನ ಗೇಟಿನ ಹೊರಗೆ ಒಬ್ಬಳದ್ದು ಊಟದ ಅಂಗಡಿ. ಅನ್ನ, ಕಪ್ಪು ಕಾಳಿನ ಸಾರು. ನಮ್ಮದೇ ಊಟದ ಹಾಗೆ. ಅವಳ ಭಾಷೆ ನಂಗಿಲ್ಲ, ನಂದು ಅವಳಿಗಿಲ್ಲ. ಮಳೆಯಲ್ಲಿ ನಿಂತ್ರೆ ಕೈ ಬೀಸಿ ಒಳಗೆ ಕರೆದು ಬಡಿಸ್ತಿದ್ಲು. ಗಿರಾಕಿ ಇಲ್ಲದಾಗ ಬೆಂಕಿಪೆಟ್ಟಿಗೆ ಕುಟ್ಟಿಕೊಂಡು ಇದನ್ನೇ ಹಾಡ್ತಿದ್ಲು. ಊರಿಗೆಲ್ಲ ಗೊತ್ತಿದ್ದ ಹಾಡಿರ್ಬೇಕು, ಲಾರಿಯವರೂ ಹಾಡ್ತಿದ್ರು.”

ನಾನು ಉಳಿದ ರೂಪಗಳನ್ನೂ ಹಾಕಿದೆ. ಅವರು ಬೆಂಕಿಪೆಟ್ಟಿಗೆ ತೆಗೆದು ಕುಟ್ಟುತ್ತ ಕೇಳಿದರು. ಇಟಲಿಯದಕ್ಕೆ ತಲೆ ಆಡಿಸಿದರು. “ಇದಲ್ಲ. ಇವ ಆ ಜಾರುವ ಜಾಗವನ್ನು ನೇರ ಮಾಡಿದ್ದಾನೆ.” ಫ್ರಾನ್ಸಿನದಕ್ಕೂ ಅದೇ ಮಾತು. ಜಪಾನಿನದು ಚಂದ ಉಂಟು, ಆದರೆ ಅದಲ್ಲ ಎಂದರು. ಎಲ್ಲ ಮುಗಿದ ಮೇಲೆ, “ಅವಳು ಹಾಡಿದ್ದಕ್ಕೆ ಹತ್ತಿರ ಇರುವುದು ನಮ್ಮದೇ. ಶರಣಪ್ಪ ಪುಣ್ಯಾತ್ಮ, ಬೈದುಕೊಂಡಾದರೂ ಆ ಜಾಗ ಬಿಡ್ಲಿಲ್ಲ” ಎಂದರು.

ನನ್ನ ಸಿಟ್ಟು ಅಲ್ಲಿಗೆ ಇಳಿದಿತ್ತು. ಆದರೆ ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಮೊರವನ್ನು ಆಚೆ ಸರಿಸಿ, ದನಿ ತಗ್ಗಿಸಿ ಹೇಳಿದರು.

“ಇದರ ಅರ್ಥ ಎಂತ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ಸುಮತಿ. ಅದೇ ಹೆದರಿಕೆ. ಬಂದರಿನ ಗೇಟು ಅಂದ್ರೆ ಎಂಥ ಜಾಗ ಅಂತ ನಿಂಗೆ ಗೊತ್ತಿಲ್ಲ. ಕುಡುಕರ ಪದವೋ, ಅದಕ್ಕಿಂತ ಹೊಲಸೋ. ಧಾಟಿ ಚಂದ ಉಂಟು ಅಂತ ತಂದೆ. ನಲವತ್ತು ವರ್ಷ ದೇವರ ಎದುರು ಎಲ್ಲರ ಬಾಯಲ್ಲಿ ಹಾಡಿಸಿದೆ. ಹೊಲಸಾಗಿದ್ರೆ?”

“ಕನ್ನಡದ ಪದ ನಿಮ್ಮದೇ ಅಲ್ಲವಾ? ಅದು ಚೊಕ್ಕ ಉಂಟಲ್ಲ?”

“ಪಾತ್ರೆ ಎಂಥದ್ದು ಅಂತ ನೋಡದೆ ನೈವೇದ್ಯ ಇಡ್ತಾರಾ?” ಎಂದರು ಅಡುಗೆಯವರಾದ ವಾಸಣ್ಣ. “ಅರ್ಥ ಗೊತ್ತಾಗದೆ ನಾನು ಶಾಲು ಹೊದೆಯುವುದಿಲ್ಲ. ಹೊಲಸಾಗಿದ್ರೆ ಆ ಹಾಡು ಮಂಡಳಿಯಲ್ಲಿ ಇನ್ನು ಬೇಡ. ನಾನೇ ಎದ್ದು ನಿಂತು ಹೇಳ್ತೇನೆ. ನೀನು ಅರ್ಥ ಹುಡುಕು. ಸಿಕ್ಕಿದ್ರೆ ಫೋನಿನಲ್ಲಿ ಹೇಳ್ಬೇಡ, ನಂಗೆ ಕೇಳುವುದಿಲ್ಲ. ಚೌತಿಯ ದಿನ ಗಣಪತಿಯ ಎದುರೇ ಓದು. ಒಳ್ಳೆಯದಿದ್ರೂ ಅಲ್ಲೇ, ಕೆಟ್ಟದಿದ್ರೂ ಅಲ್ಲೇ.”

ವಾಪಸು ಬರುವಾಗ ರೈಲಿನ ಕಿಟಕಿಯಿಂದ ಎರಚಲು ಹೊಡೆದು ಸೆರಗು ಒದ್ದೆಯಾಯಿತು, ನಾನು ಜಾಗ ಬದಲಿಸಲೂ ಇಲ್ಲ. ಆ ಹಾಡು ನಿಂತರೆ ಎಂಬ ಯೋಚನೆಯನ್ನೇ ನನಗೆ ಸಹಿಸಲಾಗಲಿಲ್ಲ. ಶನಿವಾರಕ್ಕೆ ಹೋಗಿ ನಾನು ಏನು ಹಾಡಲಿ?

ಸಾಯಲಿಗೆ ಎಲ್ಲ ಹೇಳಿದೆ. ಮೊಬೈಲಿಗೆ ಭಾಷಾಂತರ ಮಾಡಲು ಕೊಟ್ಟರೆ ಅದು ಒಂದು ಸಾಲಿಗೆ ಪ್ರೀತಿ ಎಂದಿತು, ಇನ್ನೊಂದಕ್ಕೆ ಕುದುರೆ ಎಂದಿತು, ತಲೆಬುಡ ತಿಳಿಯಲಿಲ್ಲ. ಉಳಿದ ಭಾಷೆಯವರಂತೂ ಪದವನ್ನೆಲ್ಲ ತಮಗೆ ಬೇಕಾದ ಹಾಗೆ ಬದಲಿಸಿಕೊಂಡಿದ್ದರಿಂದ ಅವುಗಳಿಂದ ಉಪಯೋಗವಿರಲಿಲ್ಲ. ಆಗ ಅಕ್ಷತಾ ಮಗುವಿಗೆ ಹಾಲು ಕೊಡುತ್ತಲೇ ಹೇಳಿದಳು, ಎಂಟನೇ ಮಹಡಿಯ ಫಿಲೋಮಿನಾ ಆಂಟಿ ಗೋವಾದವರು, ಪೋರ್ಚುಗೀಸರ ಕಾಲದಲ್ಲಿ ಶಾಲೆಗೆ ಹೋದವರು, ಬ್ರೆಜಿಲಿನದೂ ಅದೇ ಪೋರ್ಚುಗೀಸ್ ಭಾಷೆ, ಆಂಟಿಗೆ ಗೊತ್ತಿರಬಹುದು ಎಂದು. ಯಾವಾಗಲೂ ಮಂಡಳಿಯ ಹೆಸರೆತ್ತಿದರೆ ಮೂತಿ ತಿರುಗಿಸುವವಳು ತಾನೇ ಫೋನು ಮಾಡಿ ಅವರನ್ನು ಕೇಳಿದಳು.

ಫಿಲೋಮಿನಾ ಆಂಟಿ ಮೂರು ಸಲ ಹಾಡು ಕೇಳಿದರು. ಈ ಬ್ರೆಜಿಲಿನವರ ಉಚ್ಚಾರ ಕೇಳಿದ್ದರೆ ನಮ್ಮ ಟೀಚರು ಬೆತ್ತ ತೆಗೆಯುತ್ತಿದ್ದರು ಎಂದರು. ಆಮೇಲೆ ಒಂದೊಂದೇ ಸಾಲಿನ ಅರ್ಥ ಹಿಂದಿಯಲ್ಲಿ ಹೇಳುತ್ತ ಹೋದರು, ನಾನು ಡಾಕ್ಟರ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಬರೆದು ಮುಗಿಸಿದಾಗ ನನ್ನ ಎದೆಯ ಭಾರ ಇಳಿದಿತ್ತು. ಇನ್ನೊಂದು ಬಗೆಯ ಸಂಕಟ ಶುರುವಾಗಿತ್ತು. ಅದನ್ನು ಚೌತಿಯವರೆಗೆ ಹೊಟ್ಟೆಯಲ್ಲಿಟ್ಟುಕೊಂಡೆ.

ಚೌತಿಯ ಮಧ್ಯಾಹ್ನ ಮಂಡಳಿಯ ಎರಡು ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗರಿಕೆ, ಕರ್ಪೂರ, ಒಳಗಿನಿಂದ ಅರಸಿನ ಎಲೆಯ ಕಡುಬಿನ ಪರಿಮಳ. ಬಾಬಣ್ಣ ಶಾಲು ಬಿಡಿಸಿದ್ದೇ ತಡ, ವಾಸಣ್ಣ ಕೈ ಅಡ್ಡ ಹಿಡಿದು ಎದ್ದು ನಿಂತರು. ಬಂದರು, ಮಳೆ, ಊಟದ ಅಂಗಡಿ ಎಲ್ಲವನ್ನೂ ಹೇಳಿದರು.

“ಬಾಬಣ್ಣ, ಅವತ್ತು ಹೇಳ್ಬೇಕಿತ್ತು. ನಿಮ್ಮ ಹೋಟೆಲಿಗೆ ಆಗಷ್ಟೇ ಸೇರಿದ್ದೆ, ಬಾಯಿ ಬರಲಿಲ್ಲ. ಧಾಟಿ ನಂದಲ್ಲ. ಅರ್ಥ ಏನು ಅಂತಲೂ ಗೊತ್ತಿಲ್ಲ. ಸುಮತಿ ತಂದಿದ್ದಾಳೆ, ಓದ್ತಾಳೆ. ಕೆಟ್ಟದಿದ್ರೆ ಹಾಡು ಇವತ್ತಿಗೆ ಮುಗೀತು.”

ಬಾಬಣ್ಣನ ಕೈಯಲ್ಲಿ ಶಾಲು ಹಾಗೇ ಇತ್ತು. ನಾನು ಚೀಟಿ ಬಿಡಿಸಿ ವಾಸಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದೆ.

“ಮಳೆಯೇ, ನಿಲ್ಲಬೇಡ. ನೀನು ನಿಂತರೆ ಅವರು ಹಡಗಿಗೆ ಸಕ್ಕರೆ ತುಂಬುತ್ತಾರೆ. ತುಂಬಿದ ಹಡಗು ಹೊರಟುಹೋಗುತ್ತದೆ. ಇನ್ನೊಂದು ದಿನ ಸುರಿ ಮಳೆಯೇ, ಅವನಿಗೆ ಇನ್ನೊಂದು ಊಟ ಬಡಿಸುತ್ತೇನೆ.”

ಅಷ್ಟೇ ಇದ್ದದ್ದು. ಉಳಿದದ್ದೆಲ್ಲ ಅದನ್ನೇ ತಿರುಗಿಸಿ ಹಾಡುವುದು. ವಾಸಣ್ಣ ಕೂತುಬಿಟ್ಟರು.

ಬಾಬಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಸಿನೆಮಾದ್ದಲ್ಲ ತಾನೆ?” ಎಂದು ನನ್ನನ್ನು ಕೇಳಿದರು.

“ಅಲ್ಲ. ಹಾಡಾಗಿಯೇ ಹುಟ್ಟಿದ್ದು.”

“ಹಾಗಾದ್ರೆ ನಮ್ಮ ಕಟ್ಟಳೆ ಮುರೀಲಿಲ್ಲ. ಊಟ ಬಡಿಸುವ ಹಾಡಿನಲ್ಲಿ ಹೊಲಸು ಎಂತ ಬಂತು? ಫಲಕ ತಿದ್ದಿಸಿದ್ರೆ ಆಯ್ತು” ಎಂದು ಶಾಲು ಹೊದಿಸಿಯೇಬಿಟ್ಟರು. ಬಾಬಣ್ಣ ಇಷ್ಟು ಬೇಗ ಒಪ್ಪಿದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದಿಲ್ಲ.

ಶರಣಪ್ಪ ಮಾತ್ರ ಮೂಲ ಹಾಡು ಕೇಳಲೇಬೇಕೆಂದು ಹಟ ಹಿಡಿದ. ಹಾಕಿದೆ. ಪಲ್ಲವಿಯ ಕೊನೆಗೆ ಬಂದಾಗ ಅವನು ಢೋಲಕ್ ಮೇಲೆ ಕೈ ಬಡಿದ. “ನೋಡ್ರಿ, ನೋಡ್ರಿ, ಅವರೂ ಅಲ್ಲೇ ಜಾರ್ತಾರ. ನಾ ಇಷ್ಟ್ ವರ್ಷ ತಪ್ಪು ಬಾರಿಸ್ಲಾಕತ್ತೀನಿ ಅಂತ ತಿಳಿದಿದ್ದೆ.” ಎಲ್ಲರೂ ನಕ್ಕರು. ಆಮೇಲೆ ನಮ್ಮ ಗಣಪತಿ ಹಾಡು ಹಾಡಿದೆವು. ಅಕ್ಷತಾ ಎರಡು ತಿಂಗಳ ಮಗುವನ್ನು ಎತ್ತಿಕೊಂಡು ಹಿಂದೆ ಬಾಗಿಲ ಹತ್ತಿರ ನಿಂತು ಫೋನಿನಲ್ಲಿ ರೆಕಾರ್ಡ್ ಮಾಡಿದಳು, ಸಾಯಲಿಗೆ ಕಳಿಸಲೆಂದು. ಸಾಯಲಿ ಅದನ್ನು ತನ್ನ ಗಂಟಿಗೆ ಸೇರಿಸಿದಳು. ಕಸರತ್ತು ಮುಗಿದು ಶೂ ಬಿಚ್ಚಿ ಮಲಗಿದ ಮೇಲೆ ಹಾಕುವ ಹಾಡು ಈಗ ಅದೇ. ನಮ್ಮ ಹಾಡಿಗೆ ಶೂ ಹಾಕುವುದಿಲ್ಲವೆಂದು ನನಗೆ ಕೊಟ್ಟ ಮಾತಿಗೆ ಅವಳು ಇವತ್ತಿಗೂ ತಪ್ಪಿಲ್ಲ.

ಅವತ್ತು ಊಟ ಮುಗಿದು ಜನ ಚದುರಿದ ಮೇಲೆ ನಾನು ಭಜನೆ ಪುಸ್ತಕ ತೆಗೆದುಕೊಂಡು ವಾಸಣ್ಣನ ಪಕ್ಕ ಕೂತೆ. ಹೊರಗೆ ಮಳೆ ಬಿಟ್ಟಿರಲಿಲ್ಲ. ಅವರ ಹೆಸರಿನ ಮೇಲೆ ಗೀಟೆಳೆದು, ಏನು ಬರೆಯಲಿ ಎಂದು ಕೇಳಿದೆ.

“ಅವಳ ಹೆಸರು ಗೊತ್ತಿಲ್ಲ ನಂಗೆ. ಬಂದರಿನ ಊಟದ ಅಂಗಡಿಯವಳದ್ದು ಅಂತ ಬರೆ.”

ಬರೆದೆ. ಅವರು ಬೆಂಕಿಪೆಟ್ಟಿಗೆಯನ್ನು ಬೆರಳುಗಳ ನಡುವೆ ತಿರುಗಿಸುತ್ತ ಮಳೆಯನ್ನೇ ನೋಡುತ್ತಿದ್ದರು. ಶಾಲು ಇನ್ನೂ ಹೆಗಲ ಮೇಲಿತ್ತು.

“ಇನ್ನೊಂದು ದಿನ ಸುರಿ ಅಂತ ಹಾಡ್ತಿದ್ದದ್ದಾ ಅವಳು?” ಎಂದು ಕೇಳಿದರು.

“ಹೌದು ವಾಸಣ್ಣ.”

ಬೆಂಕಿಪೆಟ್ಟಿಗೆಯನ್ನು ಅಂಗಿಯ ಜೇಬಿಗೆ ಸೇರಿಸಿ ಅವರು ಹೇಳಿದರು. “ಹತ್ತೊಂಬತ್ತು ದಿನ ಸುರೀತು ಮಾರಾಯ್ತಿ.”

ಪುಸ್ತಕದಲ್ಲಿ ಅದನ್ನೂ ಬರೆದಿಟ್ಟಿದ್ದೇನೆ.